ಒಂದು ಈಡಿನ ಹೊಣೆ

ತರಗತಿಯಲ್ಲಿ ಮಲೆನಾಡಿನ ಬೇಟೆಯ ಪ್ರಸಂಗವೊಂದನ್ನು ಪಾಠ ಹೇಳುತ್ತಿದ್ದೆ. ‘ಈಡು ಹೊಡೆಯುವುದು’ ಎಂಬ ಮಾತು ಬಂದಿತು. ಜಯನಗರದಲ್ಲಿಯೇ ಹುಟ್ಟಿ ಬೆಳೆದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಈಡು ಎಂದರೆ ಅಡವು ಅಲ್ಲವೇ ಸಾರ್? ಅದನ್ನು ಹೊಡೆಯುವುದು ಹೇಗೆ?” ಎಂದು ಕೇಳಿದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸಾಲಕ್ಕೆ ಇಡುವ ಒತ್ತೆಯೂ ಈಡು, ಕೋವಿಯಿಂದ ಹಾರುವ ಹೊಡೆತವೂ ಈಡು. ಎರಡನೆಯ ಅರ್ಥವನ್ನು ತಿಳಿಸಿ ಪಾಠವನ್ನು ಮುಂದುವರಿಸಿದೆನಾದರೂ ಮೊದಲನೆಯ ಅರ್ಥ ಮನಸ್ಸನ್ನು ಬಿಡಲಿಲ್ಲ.

ಬನಶಂಕರಿಯ ನಮ್ಮ ಮನೆಯಲ್ಲಿ, ನಾನು ಓದುವ ಮೇಜಿನ ಮೇಲೆ, ಕಿಲುಬು ಹಿಡಿದ ಹಿತ್ತಾಳೆಯ ಬರಿಯ ತೋಟಾ ಒಂದಿದೆ. ಅದು ತೀರ್ಥಹಳ್ಳಿಯ ಕಡೆಯವರಾದ ನನ್ನ ಅಜ್ಜನದು. ಅವರು ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಉಳಿದದ್ದು ಇದೊಂದೇ. ಅವರ ತಂದೆಯ ಕಾಲದಲ್ಲಿದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿಯಬೇಕು. ಮುಂದೆ ತೋಟಾ ಕೋವಿ ಬಂದಿತು. ಪೇಟೆಯ ತೋಟಾ ತುಟ್ಟಿ. ಆದ್ದರಿಂದ ಸುಟ್ಟ ಹಿತ್ತಾಳೆಯ ತೋಟಾವನ್ನೇ ಮನೆಯಲ್ಲಿ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರು. ಮದ್ದಿನ ಬಳಿಗೆ ದೀಪ ತರಬಾರದೆಂದು ಹಗಲಿನಲ್ಲಿಯೇ ಜಗಲಿಯ ಮೇಲೆ ಕುಳಿತು, ಹಳೆಯ ಕೇಪನ್ನು ಕಿತ್ತು ಹೊಸದನ್ನು ಕೂರಿಸಿ, ಮದ್ದನ್ನು ಅಳೆದು ಸುರಿದು, ರಟ್ಟಿನ ಬಿಲ್ಲೆಯಿಟ್ಟು, ಚರೆ ತುಂಬಿ, ಮೇಲೊಂದು ಬಿಲ್ಲೆಯನ್ನು ಮೇಣದಿಂದ ಮುಚ್ಚುವುದು. ಈ ಕೆಲಸದಲ್ಲಿ ಅವಸರವೆಂಬುದಿಲ್ಲ.

ಕರಿಮದ್ದಿನ ಲೆಕ್ಕ ಹಳೆಯದು. ನೂರು ಪಾಲಿನಲ್ಲಿ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10. ಅದು ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಒಣದಾಗಿ ಇಟ್ಟುಕೊಳ್ಳುವುದೇ ಒಂದು ಸಾಹಸ. ಮದ್ದು ಹೆಚ್ಚಾದರೆ ನಳಿಗೆ ಸಿಡಿದು ಬೇಟೆಗಾರನ ಕೈ ಹೋದೀತು. ಕಡಮೆಯಾದರೆ, ಇಲ್ಲವೆ ಥಂಡಿ ಹಿಡಿದಿದ್ದರೆ, ಪ್ರಾಣಿ ಸಾಯದೆ ಗಾಯಗೊಂಡು ಓಡೀತು. ಈ ಎರಡನೆಯ ತಪ್ಪಿನಿಂದ ಬೇಟೆಗಾರನಿಗೆ ಯಾವ ನೋವೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಜೆ.ಪಿ. ನಗರದಲ್ಲಿರುವ ನನ್ನ ಹಿರಿಯ ಮಿತ್ರರೊಬ್ಬರಿಗೆ ಹಳೆಯ ಕೋವಿಗಳ ಚರಿತ್ರೆಯೆಂದರೆ ಪ್ರಾಣ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೊಂಡೊಯ್ಯುತ್ತಿದ್ದುದು 1904ರಲ್ಲಿ ಬಂದ .405 ವಿಂಚೆಸ್ಟರ್ ತೋಟಾದ ರೈಫಲ್. ಗುಂಡಿನ ತೂಕ 300 ಗ್ರೇನ್, ಎಂದರೆ ಸುಮಾರು 19 ಗ್ರಾಂ. ಜಿಮ್ ಕಾರ್ಬೆಟ್ಟರ .275 ರಿಗ್ಬಿ ಇದರ ಅರ್ಧದಷ್ಟೂ ಇಲ್ಲದ ಗುಂಡನ್ನು ಹಾರಿಸುತ್ತಿತ್ತು. ಇವರಿಬ್ಬರ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದದ ವಿದ್ಯಾರ್ಥಿಗಳು ವಿರಳ. ಮಿತ್ರರು ಇನ್ನೂ ಸ್ವಾರಸ್ಯವಾದ ಸಂಗತಿಯೊಂದನ್ನು ಹೇಳುತ್ತಾರೆ. ಸೈನ್ಯದ .303 ತೋಟಾ ಖಾಸಗಿಯವರ ಕೈಗೆ ಸಿಗಕೂಡದೆಂದು ಬ್ರಿಟಿಷ್ ಸರ್ಕಾರ ಕಟ್ಟುಮಾಡಿದ್ದರಿಂದ, ಆಸ್ಟ್ರಿಯದ ಸೈನ್ಯಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ತೋಟಾ ಒಂದು .315 ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ನೆಲೆಸಿತು. ತವರಿನಲ್ಲಿ ಅದು ಮೂಲೆಗುಂಪಾದ ಮೇಲೂ ಇಷಾಪುರದ ಕಾರ್ಖಾನೆ ಅದಕ್ಕೆ ರೈಫಲ್ ಮಾಡುತ್ತ ಬಂದಿತು.

ಇಷ್ಟಾದ ಮೇಲೆ ಮಿತ್ರರು ತಮ್ಮ ಸಿದ್ಧಾಂತಕ್ಕೆ ಬರುತ್ತಾರೆ: ಹಳೆಯ ತೋಟಾ ಧರ್ಮಿಷ್ಠವಾದುದು. ಅದರ ಏಟು ದೂರಕ್ಕೆ ಹೋಗದು. ಆದ್ದರಿಂದ ಬೇಟೆಗಾರ ಜಿಂಕೆಯ ಹತ್ತಿರಕ್ಕೆ ಹೋಗಲೇಬೇಕು, ಜಿಂಕೆಗೆ ತಪ್ಪಿಸಿಕೊಳ್ಳಲು ಅವಕಾಶವುಂಟು. ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ಅಮೆರಿಕದಂಥ ದೇಶಗಳಲ್ಲಿ ಇಂದಿಗೂ ಹಳೆಯ ತೋಟಾಗಳನ್ನು ಕೈಯಾರೆ ತುಂಬಿ ಜಿಂಕೆಯ ಬೇಟೆಗೆ ಹೋಗುವವರಿದ್ದಾರೆ. 65 ಮಿಲಿಗ್ರಾಮಿನಷ್ಟಾಗುವ ಒಂದು ಗ್ರೇನನ್ನು ಮತ್ತೆ ಹತ್ತು ಪಾಲು ಮಾಡಿ ಮದ್ದು ತೂಗುವ ಅವರ ಶ್ರದ್ಧೆಯನ್ನು ಮಿತ್ರರು ಕೊಂಡಾಡುತ್ತಾರೆ.

ಶ್ರದ್ಧೆಯ ಮಾತು ಒಪ್ಪತಕ್ಕದ್ದೇ. ಒಂದೇ ಈಡು ಇರುವವನು ಕಂಡದ್ದಕ್ಕೆಲ್ಲ ಗುರಿಯಿಡಲಾರ. ಆದರೆ ಧರ್ಮವನ್ನು ಹಿತ್ತಾಳೆಯಲ್ಲಿ ಹುಡುಕುವುದು ಸರಿಯೆಂದು ನನಗೆ ತೋರುವುದಿಲ್ಲ. ದುರ್ಬಲವಾದ ತೋಟಾ ಜಿಂಕೆಗೆ ಕೊಡುವುದು ಜೀವದಾನವೂ ಆಗಬಹುದು, ಮೂರು ದಿನದ ಸಾವೂ ಆಗಬಹುದು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ಅಜ್ಜ ಹೇಳಿದ್ದು. 1960ರ ದಶಕದ ಒಂದು ಮಳೆಗಾಲದ ಕೊನೆ. ತುಂಬಿಟ್ಟಿದ್ದ ತೋಟಾಗಳ ಮದ್ದಿಗೆ ತೇವ ತಗುಲಿದೆಯೆಂಬ ಸಂಶಯ ಅವರಿಗಿತ್ತು. ಚೆಲ್ಲಿಬಿಡಲು ಮನಸ್ಸು ಬರಲಿಲ್ಲ. ಸಂಜೆ ಹಳ್ಳದ ದಡದಲ್ಲಿ ಕಾದು ಕುಳಿತರು. ಕಡವೆಯೊಂದು ನೀರಿಗೆ ಬಂದಿತು. ಈಡು ಹಾರಿದ ಸದ್ದು ಮಂಕಾಗಿತ್ತು. ಹೊಗೆ ತಿಳಿಯಾಗುವ ಹೊತ್ತಿಗೆ ಕಡವೆ ಹಿಂಗಾಲು ಎಳೆಯುತ್ತ ಹಳುವನ್ನು ಹೊಕ್ಕಿತ್ತು. ಕತ್ತಲಾಗುವವರೆಗೆ ನೆತ್ತರಿನ ಜಾಡು ಹಿಡಿದು ನಡೆದರು; ಮಾರನೆಯ ದಿನವೆಲ್ಲ ಹುಡುಕಿದರು. ಮೂರನೆಯ ದಿನ ಗುಡ್ಡದ ಆಚೆ ರಣಹದ್ದುಗಳು ಸುತ್ತುತ್ತಿದ್ದುವು. ಅಜ್ಜ ಅತ್ತ ಹೋಗಲಿಲ್ಲ. ಅಂದಿನಿಂದ ತೋಟಾ ತುಂಬಲೂ ಇಲ್ಲ. ಕಥೆ ಮುಗಿಸಿ, “ಗೊತ್ತಿತ್ತು ಕಣೋ, ಮದ್ದು ಕೆಟ್ಟಿದೆ ಅಂತ ನನಗೆ ಗೊತ್ತಿತ್ತು” ಎಂದು ಸುಮ್ಮನಾದರು.

ಒಂದು ಹಿಡಿ ಮದ್ದಿನ ಜಿಪುಣತನ; ಅದಕ್ಕೆ ಒತ್ತೆಯಾದದ್ದು ಕಾಡಿನ ಪ್ರಾಣಿ. ಮೃಗರೂಪದ ಮುನಿಯನ್ನು ಹೊಡೆದ ಪಾಂಡುರಾಜನಿಗಾದರೋ ಶಾಪ ಕೂಡಲೇ ತಟ್ಟಿತು. ನಮ್ಮ ಬೇಟೆಗಾರರಿಗೆ ಶಪಿಸುವವರು ಯಾರೂ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಹೊಣೆಯನ್ನು ವ್ಯಕ್ತಿಯ ಮನಸ್ಸಾಕ್ಷಿಗೆ ಬಿಡದೆ ಸಮಾಜದ ಕೈಗೆ ತೆಗೆದುಕೊಂಡಿತು. ಅದು ನ್ಯಾಯವೇ ಆಯಿತು. ಆ ದಿನಗಳು ಮರಳಿ ಬರಲೆಂದು ಹಂಬಲಿಸುವವನು ನಾನಲ್ಲ.

ಆದರೆ ಕಾಯಿದೆ ನಿಲ್ಲಿಸಿದ್ದು ಬೇಟೆಯನ್ನು, ಬೇಟೆಯ ಮಾತುಗಳನ್ನಲ್ಲ. ಉಪಾಧ್ಯಾಯ ಮಿತ್ರರಲ್ಲಿ ಕೆಲವರು ಇಂಥ ಪ್ರಸಂಗಗಳನ್ನು ಹಿಂಸೆಯೆಂದು ದಾಟಿಸಿಬಿಡುತ್ತಾರೆ. ಕೆಲವರು ವೀರವೆಂದು ಹೊಗಳುತ್ತಾರೆ. ಎರಡೂ ಓದಿಗೆ ಮಾಡುವ ಅನ್ಯಾಯ. ‘ಮಲೆನಾಡಿನ ಚಿತ್ರಗಳು’, ‘ಕಾನೂರು ಹೆಗ್ಗಡಿತಿ’ಗಳನ್ನು ಓದುವ ಹುಡುಗನಿಗೆ ಕೇಪು, ಗಜ, ಚರೆ, ಹಳು ಎಂದರೇನೆಂದು ತಿಳಿಯಬೇಕು. ಒಂದು ಈಡು ತಪ್ಪಿದರೆ ಮತ್ತೆ ತುಂಬಲು ಎಷ್ಟು ಹೊತ್ತು ಬೇಕೆಂದು ತಿಳಿದರೆ ತಾನೆ ಕಾದು ಕುಳಿತವನ ಎದೆಯ ಬಡಿತ ಅರ್ಥವಾಗುವುದು? ಕೊಡಗಿನವರು ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯವಾಡುತ್ತಾರೆ. ಜಿಂಕೆಯ ಜೀವ ತೆಗೆಯದೆಯೂ ಕೋವಿಯ ಮಾತನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮುಂದಿನ ತರಗತಿಗೆ ಆ ಹಿತ್ತಾಳೆಯ ತೋಟಾವನ್ನು ಕೊಂಡೊಯ್ದೆ. ಅದು ಕೈಯಿಂದ ಕೈಗೆ ಹೋಗುತ್ತಿರುವಾಗ ಅಜ್ಜನ ಕಥೆ ಹೇಳಿದೆ. ಈಡಿನ ಅರ್ಥ ಕೇಳಿದ್ದ ಹುಡುಗಿ ಅದನ್ನು ಹಿಂದಿರುಗಿಸುತ್ತ, “ಆ ಕಡವೆ ಆಮೇಲೆ ಸಿಕ್ಕಿತೇ ಸಾರ್?” ಎಂದು ಕೇಳಿದಳು. ಇಲ್ಲವೆಂದೆ.