ಷರೀಫರ ಪದ ಬೇಕು, ಷರೀಫರ ಧೈರ್ಯ ಬೇಡವೇ?

ಶಿಶುನಾಳ ಷರೀಫರ ಪದವನ್ನು ಗಿಟಾರ್ ಹಿಡಿದು ಹಾಡಬಹುದೇ ಎಂಬ ತಕರಾರು ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿಗೂ ನಮ್ಮ ಕಿವಿಗೆ ಬೀಳುತ್ತದೆ. ಏಕತಾರಿ, ದಮ್ಮಡಿ ಇದ್ದರೆ ಅದು ಅಧ್ಯಾತ್ಮ, ಡ್ರಮ್ ಬಂದರೆ ಅಪಚಾರ ಎಂಬುದು ಹಿರಿಯರ ವಾದ. ನಮಗೆ ಈ ವಾದದಲ್ಲಿ ಹುರುಳು ಕಾಣುವುದಿಲ್ಲ.

ತಕರಾರಿಗೆ ದೊಡ್ಡ ನಿಮಿತ್ತವಾದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತು, ಗಿಟಾರಿಗೆ ಒಲಿದ ಈ ಯುವಕ 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ತಂಡ ಕಟ್ಟಿದರು. ಧ್ವನಿಮುದ್ರಣ ಕಂಪೆನಿಗಳ ಬಾಗಿಲು ತಟ್ಟಿ ವರ್ಷಗಟ್ಟಲೆ ಬರಿಗೈಯಲ್ಲಿ ಮರಳಿದರು. ಕೊನೆಗೆ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಕೈಹಿಡಿದು, 2008ರಲ್ಲಿ ಮೊದಲ ಆಲ್ಬಂ ಹೊರಬಂತು. ಎರಡು ವರ್ಷಗಳಲ್ಲಿ ಅವರು ಬಿಬಿಸಿ ಟಿವಿಯ ವೇದಿಕೆಯಲ್ಲಿದ್ದರು. ಸಿನಿಮಾದ ಹಂಗಿಲ್ಲದೆ ಇಷ್ಟು ದೂರ ನಡೆದದ್ದು ಸಣ್ಣ ಮಾತಲ್ಲ.

ಆದರೆ ಆ ಮೊದಲ ಆಲ್ಬಮ್ಮಿನಲ್ಲಿ ಕನ್ನಡದ ಪಾಲೆಷ್ಟು? ಎರಡು ಹಾಡು. ಒಂದು ಗುಡಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯದು. ಎರಡೂ 1889ರಲ್ಲಿ ತೀರಿಕೊಂಡ ಷರೀಫರವು. ಉಳಿದವು ಹೆಚ್ಚಾಗಿ ಹಿಂದಿ, ಇಂಗ್ಲಿಷ್. ಇದಕ್ಕಾಗಿ ನಾವು ದೀಕ್ಷಿತರನ್ನು ದೂರುವುದಿಲ್ಲ. ತನ್ನ ಕಾಲದ ಪ್ರೇಮವನ್ನೂ ಪರದಾಟವನ್ನೂ ಹಾಡಿಕೊಳ್ಳಲು ಹೊರಟ ಹುಡುಗನಿಗೆ ಕನ್ನಡದಲ್ಲಿ ಸಿಕ್ಕ ವೇದಿಕೆಯಾದರೂ ಯಾವುದು? ಸಿನಿಮಾ, ಭಾವಗೀತೆ, ಜನಪದ. ಈ ಮೂರು ಚೌಕಟ್ಟಿನಲ್ಲಿ ತನ್ನ ಮಾತಿಗೆ ತಾನೇ ರಾಗ ಕಟ್ಟುವವನಿಗೆ ಜಾಗವೇ ಇರಲಿಲ್ಲ.

ವಿಚಿತ್ರವೆಂದರೆ, ಷರೀಫರು ಮಾಡಿದ್ದು ಇದೇ ಕೆಲಸವನ್ನು! ಅಂದಿನ ಧಾರವಾಡ ಸೀಮೆಯ ಹಳ್ಳಿಯ ಮುಸ್ಲಿಂ ಯುವಕ, ಶಾಲಾ ಮಾಸ್ತರಿಕೆ ಮಾಡಿದವರು, ಕಳಸದ ಗೋವಿಂದಭಟ್ಟರ ಶಿಷ್ಯ. ತಮ್ಮ ಪದವನ್ನು ತಾವೇ ಕಟ್ಟಿ ಹಾಡಿದರು. ಅದೂ ಮನೆಯ, ಸಂತೆಯ ಆಡುಮಾತಿನಲ್ಲಿ. ಗಿರಣಿ ಎಂಬ ಹೊಸ ವಿಸ್ಮಯ ಕಂಡಾಗ ಗಿರಣಿಯ ಮೇಲೂ ಪದ ಹುಟ್ಟಿತು. ಹಳೆಯ ಪದಗಳನ್ನೇ ಹಾಡಿಕೊಂಡಿರು ಎಂದು ಅವರನ್ನು ಕೂರಿಸಿದ್ದರೆ ಇಂದು ನಾವು ಜಗಳವಾಡಲು ಹಾಡಾದರೂ ಎಲ್ಲಿರುತ್ತಿತ್ತು?

ಭಾವೈಕ್ಯದ ಸಭೆಗಳಿಗೆ ಷರೀಫರು ಬೇಕು. ಫೋಟೋಕ್ಕೆ ಹಾರ, ಎರಡು ಪದ, ಚಹಾ, ಮುಗಿಯಿತು. ಶಾಸ್ತ್ರೀಯ ಸಂಗೀತದ ಬಗ್ಗೆಯೂ ಅವಳಿನಗರದ ಹೆಮ್ಮೆ ದೊಡ್ಡದು, ನ್ಯಾಯವಾದದ್ದು ಕೂಡ. ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಿಗೆ ಹರಿದು ಬಂದ ವಿದ್ಯೆ ಅದು. ಆದರೆ ಆ ಹೆಮ್ಮೆಯೇ ಹೊಸಬರ ಬಾಯಿ ಕಟ್ಟುವ ಬೀಗವಾಗಬೇಕೇ? ಮೊಬೈಲಿನಲ್ಲಿ ಹರಿದಾಡುವ ಉತ್ತರ ಕರ್ನಾಟಕದ ಹಾಡುಗಳನ್ನು ಅಲ್ಲಿನ ಹುಡುಗರೇ ಬರೆದು ಹಾಡುತ್ತಾರೆ. ಕೆಲವು ಅಸಭ್ಯ, ನಿಜ. ಹಾಗೆಂದು ಎಲ್ಲವನ್ನೂ 'ಡಿಜೆ ಗದ್ದಲ' ಎಂದು ತಳ್ಳಿಬಿಡುವುದು ವಿಮರ್ಶೆಯಲ್ಲ, ಸೋಮಾರಿತನ.

ಕಾಲೇಜುಗಳ ಗಾಯನ ಸ್ಪರ್ಧೆಗಳನ್ನೇ ನೋಡಿ. ಭಾವಗೀತೆಗೆ, ಜನಪದಕ್ಕೆ, ಚಿತ್ರಗೀತೆಗೆ ಬಹುಮಾನಗಳಿರುತ್ತವೆ. ಸ್ವಂತ ಹಾಡಿಗೆ? ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗಿಗೆ ಆ ಬಸ್ಸಿನ ಬಗ್ಗೆ, ತನ್ನ ಓಣಿಯ ಬಗ್ಗೆ ಹೇಳಲು ಏನಾದರೂ ಇರಬಹುದು. ಮುಂದಿನ ಸಲ ಅರ್ಜಿಯಲ್ಲಿ ಆಕೆಗೂ ಒಂದು ಸಾಲು ಸೇರಿಸಿ. ತೀರ್ಪುಗಾರರ ಕುರ್ಚಿಯಲ್ಲಿ ಷರೀಫರ ಪದ ಬಲ್ಲವರೇ ಕೂರಲಿ, ನಮ್ಮ ಅಭ್ಯಂತರವಿಲ್ಲ.