ಬೇಸಿಗೆಗೆ ಬಿಟ್ಟ ಜಾಗ

ಮಳೆಗಾಲದಲ್ಲಿ ದೇವರಮನೆಯ ಬಾಗಿಲು ಬಿಗಿಯಾಗಿ, ಹೆಗಲು ಕೊಟ್ಟು ತಳ್ಳಿದರೂ ಅಲುಗದೆ ಸತಾಯಿಸುವುದು ಅನೇಕ ಮನೆಗಳ ಅನುಭವ. ಬೇಸಿಗೆ ಬಂದಾಗ ಅದೇ ಬಾಗಿಲು ಸಡಿಲಾಗಿ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತದೆ. ಬಡಗಿಯನ್ನು ಬೈದು ಸುಮ್ಮನಾಗುವವರೇ ಹೆಚ್ಚು. ರಜೆ ಸಿಕ್ಕಿತೆಂದರೆ ಉಳಿ, ಗರಗಸ ಹಿಡಿದು ಕೂರುವ ಹವ್ಯಾಸಿಗಳು ಮಾತ್ರ ಈ ಬಾಗಿಲಿನಿಂದ ಒಂದು ಪಾಠ ಕಲಿಯಬೇಕು. ಬೆಂಗಳೂರಿನ ಒಂದು ಮನೆಯಲ್ಲಿ ಈ ಪಾಠಕ್ಕೆ ಒಂದು ಟೀಪಾಯಿ ಬಲಿಯಾಗಬೇಕಾಯಿತು.

ಆ ಮನೆಯ ಯಜಮಾನರು ಬ್ಯಾಂಕ್ ಉದ್ಯೋಗಿ. ವಾರವಿಡೀ ಅಂಕಿ-ಅಂಶಗಳ ನಡುವೆ ಇರುವ ಅವರಿಗೆ ಮರಗೆಲಸ ಹುಚ್ಚು. ಈ ಹುಚ್ಚು ಅವರೊಬ್ಬರದೇ ಅಲ್ಲ. ವೈದ್ಯರು, ಕಂಪ್ಯೂಟರ್ ಎಂಜಿನಿಯರುಗಳು, ನಿವೃತ್ತ ಅಧಿಕಾರಿಗಳು ಹೀಗೆ ಬಹಳ ಮಂದಿ ಇದಕ್ಕೆ ಒಲಿದಿದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1981ರಲ್ಲಿ ಅಧಿಕಾರ ಬಿಟ್ಟು ಊರಿಗೆ ಹೊರಟಾಗ ಅವರ ಸಹೋದ್ಯೋಗಿಗಳು ಕೊಟ್ಟ ಉಡುಗೊರೆ ಮರಗೆಲಸದ ಉಪಕರಣಗಳು! ನಮ್ಮ ಬ್ಯಾಂಕ್ ಉದ್ಯೋಗಿಯ ಕಾರ್ಯಾಗಾರ ಮಾತ್ರ ಸ್ಕೂಟರ್ ನಿಲ್ಲಿಸುವ ಜಾಗದ ಒಂದು ಮೂಲೆ. 2023ರಲ್ಲಿ ಅವರು ಅಲ್ಲೇ ಒಂದು ಟೀಪಾಯಿ ಮಾಡಿದ್ದರು. ಮೇಲ್ಹಲಗೆ ಎಂದೂ ಅಲ್ಲಾಡಬಾರದೆಂದು ಸುತ್ತಲೂ ಅಂಟು ಬಳಿದು, ಮೂಲೆಮೂಲೆಗೂ ಸ್ಕ್ರೂ ಬಿಗಿದರು. ಬಂದವರೆಲ್ಲ ಮೆಚ್ಚಿಕೊಂಡರು. 2024ರ ಮಾರ್ಚ್ ತಿಂಗಳ ಒಂದು ರಾತ್ರಿ ‘ಚಟ್’ ಎಂಬ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು. ಮರದ ಡಿಪೋದವನು ಮೋಸ ಮಾಡಿದ ಎಂದು ಅವರು ತೀರ್ಮಾನಿಸಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಮೂರು ದಿನಗಳ ರಜೆ ಒಟ್ಟಿಗೆ ಬಂತು. 11ನೇ ತಾರೀಕು ಶುಕ್ರವಾರ ಆಯುಧಪೂಜೆ, 12 ವಿಜಯದಶಮಿ, ಜೊತೆಗೆ ಅದು ಎರಡನೇ ಶನಿವಾರ, ಮರುದಿನ ಭಾನುವಾರ. ಒಂಬತ್ತನೆಯ ತರಗತಿಯ ಮಗಳಿಗೆ ಓದುವ ಮೇಜು ಮಾಡಿಕೊಡುವ ಮಾತು ಬಹಳ ದಿನಗಳಿಂದ ಇತ್ತು. ಕಾಲು ಮತ್ತು ಚೌಕಟ್ಟು ಹಿಂದಿನ ಭಾನುವಾರಗಳಲ್ಲೇ ಸಿದ್ಧವಾಗಿದ್ದವು. ಉಳಿದದ್ದು ಮೇಲ್ಹಲಗೆ. ಆದರೆ ಕೈ ನಡುಗಿಸುವ ಕೆಲಸವೂ ಅದೇ ಆಗಿತ್ತು.

ಏಕೆಂದರೆ ಹಲಗೆಗಳು ತೀರ್ಥಹಳ್ಳಿ ಕಡೆಯ ಹಳೆಯ ಮನೆಯ ಹಿತ್ತಲಿನ ಹಲಸಿನ ಮರದವು. ಮರ 2020ರ ಮಳೆಗಾಲದಲ್ಲಿ ಗಾಳಿಗೆ ಬಿದ್ದಿತು. ಆಮೇಲೆ ಮನೆಯೂ ಪಾಲಾಯಿತು. ಬೆಂಗಳೂರಿಗೆ ಬಂದು ಮಗನ ಜೊತೆ ಇರುವ ಅಜ್ಜಿಯ ಪಾಲಿಗೆ ಆ ಹಿತ್ತಲಿನಿಂದ ಉಳಿದದ್ದು ಒಂದೂವರೆ ಅಂಗುಲ ದಪ್ಪದ ಎರಡೇ ಹಲಗೆ. ಕೆಟ್ಟರೆ ಇನ್ನೊಂದು ತರಲು ಯಾವ ಡಿಪೋದಲ್ಲೂ ಸಿಗುವುದಿಲ್ಲ.

ಅವನ್ನು ಒಣಗಿಸಿದ ಕ್ರಮ ಸರಿಯಾಗಿತ್ತು. ಒಂದರ ಮೇಲೊಂದು ಇಡುವಾಗ ನಡುವೆ ಕೋಲುಗಳನ್ನು ಕೊಟ್ಟು ಗಾಳಿಯಾಡಲು ಬಿಟ್ಟಿದ್ದರು. ಎರಡೂ ತುದಿಗಳಿಗೆ ಬಣ್ಣ ಬಳಿದಿದ್ದರು. ಹಲಗೆಯ ಅಡ್ಡಕೊಯ್ದ ತುದಿಯಿಂದ ನೀರು ಹೊರಹೋಗುವ ವೇಗ ಉಳಿದ ಮೈಯಿಗಿಂತ ಹತ್ತು ಪಟ್ಟಿಗೂ ಹೆಚ್ಚು. ತುದಿ ಬೇಗ ಒಣಗಿ, ನಡುಭಾಗ ಹಸಿಯಾಗಿಯೇ ಉಳಿದರೆ ತುದಿಗಳಲ್ಲಿ ಬಿರುಕು ಬೀಳುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ಒಣಗಿಸುವವರ ರೂಢಿಯ ಲೆಕ್ಕ. ಇವಕ್ಕೆ ನಾಲ್ಕು ವರ್ಷ ಕಳೆದಿತ್ತು.

ಗುರುವಾರ ಬ್ಯಾಂಕಿನಿಂದ ಬಂದವರೇ ಕೆಲಸಕ್ಕೆ ಇಳಿದರು. ಮರುದಿನ ಆಯುಧಗಳನ್ನು ಮುಟ್ಟುವಂತಿಲ್ಲ. ಆದ್ದರಿಂದ ರಾತ್ರಿಯೇ ಎರಡು ಹಲಗೆಗಳ ಅಂಚಿಗೆ ಹತ್ತರಿ ಹೊಡೆದು (ಉತ್ತರ ಕರ್ನಾಟಕದಲ್ಲಿ ಇದೇ ರಂದಾ) ಅಂಟಿಸಿಬಿಟ್ಟರೆ, ಪೂಜೆಯ ದಿನ ಅಂಟು ತನ್ನ ಪಾಡಿಗೆ ಒಣಗುತ್ತದೆ ಎಂಬುದು ಅವರ ಯೋಜನೆ. ಹತ್ತರಿಯ ಬಾಯಿಂದ ಹಳದಿ ಸುರುಳಿಗಳು ಎದ್ದು ಬಂದವು. ಹಲಸಿನ ತಿರುಳಿಗೆ ಈ ಹಳದಿ ಬಣ್ಣ ಬರುವುದು ಮೋರಿನ್ ಎಂಬ ರಾಸಾಯನಿಕದಿಂದ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ಚಕ್ಕೆಯನ್ನು ಬೇಯಿಸುವ ಪದ್ಧತಿ ಹಳೆಯದು. ತಂಜಾವೂರಿನ ವೀಣೆಯೂ ಹಲಸಿನದೇ.

ಎರಡು ಅಂಚುಗಳನ್ನು ಜೋಡಿಸಿ ದೀಪಕ್ಕೆ ಹಿಡಿದರೆ ನಡುವೆ ಬೆಳಕು ಕಾಣಬಾರದು. ಅಷ್ಟಾಗಲು ಹನ್ನೊಂದು ಗಂಟೆ ಹೊಡೆಯಿತು. ಆಮೇಲೆ ಬಿಳಿ ಅಂಟು ಬಳಿದು ಕ್ಲ್ಯಾಂಪ್ ಬಿಗಿದರು. ಈ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಅತಿ ಸಣ್ಣ ಹನಿಗಳು ನೀರಿನಲ್ಲಿ ಹರಡಿರುವ ದ್ರವ. ನೀರನ್ನು ಮರ ಹೀರಿಕೊಳ್ಳುತ್ತದೆ, ಹನಿಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಅಂಚಿಗೆ ಅಂಚು ಸರಿಯಾಗಿ ಕೂತಿದ್ದರೆ ಬೆಸುಗೆ ಮರಕ್ಕಿಂತ ಗಟ್ಟಿ. ಬಲವಂತವಾಗಿ ಮುರಿದರೂ ಪಕ್ಕದ ಮರ ಮುರಿದೀತೇ ಹೊರತು ಅಂಟು ಬಿಡುವುದಿಲ್ಲ. ಪೂರ್ಣ ಬಲ ಬರಲು ಒಂದು ದಿನ ಬೇಕು.

ಶುಕ್ರವಾರ ಬೆಳಿಗ್ಗೆ ಉಳಿ, ಗರಗಸ, ಕೊಡತಿ, ಬೈರಿಗೆ, ಮೂಲೆಮಟ್ಟ ಎಲ್ಲವನ್ನೂ ಒರೆಸಿ, ಎಣ್ಣೆ ಸವರಿ ಸಾಲಾಗಿ ಇಟ್ಟರು. ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಉಪಕರಣವೂ ಕೈಗೆ ಬಂದು ಅದರ ತುಕ್ಕು, ಸಡಿಲಾದ ಹಿಡಿ ಕಣ್ಣಿಗೆ ಬೀಳುವುದು ಒಳ್ಳೆಯದೇ. ಹಾಗೆಂದು ಎಲ್ಲ ಹಬ್ಬಕ್ಕೂ ವಿಜ್ಞಾನದ ಅಂಗಿ ತೊಡಿಸಬೇಕಾದ ಅಗತ್ಯವೇನೂ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಒದ್ದೆ ಅರಿಶಿನ-ಕುಂಕುಮ ಉಳಿಯ ಮರದ ಹಿಡಿಗಿರಲಿ, ಅಲಗಿಗೆ ಬೇಡ. ಮರುದಿನ ಬೊಟ್ಟಿನ ಆಕಾರದಲ್ಲೇ ತುಕ್ಕು ಕಾಣಿಸೀತು. ಕ್ಲ್ಯಾಂಪುಗಳೂ ಆಯುಧವೇ ಅಲ್ಲವೇ, ಅವುಗಳಿಗೆ ಪೂಜೆ ಬೇಡವೇ ಎಂದು ಮೊಮ್ಮಗಳು ಕೇಳಿದಳು. ಅಜ್ಜಿ ಹಲಗೆಯ ಸಮೇತ ಅವುಗಳಿಗೂ ಹೂವಿಟ್ಟರು.

ಶನಿವಾರ ಬೆಳಿಗ್ಗೆ ಕ್ಲ್ಯಾಂಪ್ ಬಿಚ್ಚಿದಾಗ 60 ಸೆಂಟಿಮೀಟರ್ ಅಗಲದ ಒಂದೇ ಹಲಗೆ ಸಿದ್ಧವಾಗಿತ್ತು. ಅದನ್ನು ಚೌಕಟ್ಟಿನ ಮೇಲಿಟ್ಟು, ಸ್ಕ್ರೂ ಹಾಕುವ ಕಡೆ ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದಾಗ ಹಿಂದಿನ ಬೀದಿಯ ಆಚಾರ್ರು ಬಂದರು. ನಲವತ್ತು ವರ್ಷಗಳಿಂದ ಬಡಗಿ ಕೆಲಸದಿಂದಲೇ ಸಂಸಾರ ನಡೆಸಿದವರು. ತಮ್ಮ ಅಂಗಡಿಯ ಪೂಜೆಯ ಕಡಲೆಪುರಿ, ಸಿಹಿ ತಂದಿದ್ದರು. ಮೇಜಿನ ಸುತ್ತ ಒಂದು ಸುತ್ತು ಬಂದು, ಕೂಡಿಕೆಯ ಮೇಲೆ ಹೆಬ್ಬೆರಳು ಎಳೆದು ನೋಡಿ ತಲೆದೂಗಿದರು. ಬಗ್ಗಿ ಪೆನ್ಸಿಲ್ ಗುರುತುಗಳನ್ನೂ ನೋಡಿದರು.

“ಎಲ್ಲಾ ಚೆನ್ನಾಗಿದೆ ಸಾರ್. ಬೇಸಿಗೆಗೆ ಜಾಗ ಎಲ್ಲಿ ಬಿಟ್ಟಿದ್ದೀರಿ?”

“ಬೇಸಿಗೆಗಾ?”

“ಹಲಗೆ ಈಗ ಉಬ್ಬಿಕೊಂಡಿದೆ. ಶಿವರಾತ್ರಿ ಕಳೆದ ಮೇಲೆ ಒಳಗೆ ಸರಿಯುತ್ತೆ. ನೀವು ಹೀಗೆ ನಾಲ್ಕೂ ಕಡೆ ಕಟ್ಟಿಹಾಕಿದರೆ ಅದು ಎಲ್ಲಿಗೆ ಹೋಗಬೇಕು?”

ಟೀಪಾಯಿಯ ರಹಸ್ಯ ಬಯಲಾದದ್ದು ಆಗ. ಡಿಪೋದವನು ನಿರಪರಾಧಿ!

ಮರವನ್ನು ಒತ್ತೊತ್ತಾಗಿ ಕಟ್ಟಿದ ಹೀರುಕೊಳವೆಗಳ ಕಂತೆಯಂತೆ ಊಹಿಸಿಕೊಳ್ಳಬಹುದು. ಹಸಿ ಮರದಲ್ಲಿ ನೀರು ಕೊಳವೆಗಳ ಒಳಗೂ ಇರುತ್ತದೆ, ಅವುಗಳ ಗೋಡೆಗಳಲ್ಲೂ ಇರುತ್ತದೆ. ಒಣಗುವಾಗ ಮೊದಲು ಖಾಲಿಯಾಗುವುದು ಒಳಗಿನ ನೀರು. ಅದರಿಂದ ಮರ ಹಗುರವಾಗುತ್ತದೆ, ಗಾತ್ರ ಬದಲಾಗುವುದಿಲ್ಲ. ತೇವಾಂಶ ಶೇ. 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ಸೆಲ್ಯುಲೋಸ್ ಎಳೆಗಳ ನಡುವೆ ಅಂಟಿಕೊಂಡ ನೀರು ಹೊರಬೀಳತೊಡಗುತ್ತದೆ. ಎಳೆಗಳು ಹತ್ತಿರ ಬರುತ್ತವೆ, ಮರ ಕುಗ್ಗುತ್ತದೆ. ಎಳೆಗಳು ಹೆಚ್ಚುಕಡಿಮೆ ಮರದ ಉದ್ದಕ್ಕೇ ಇರುವುದರಿಂದ ಉದ್ದದಲ್ಲಿ ಬದಲಾವಣೆ ತೀರಾ ಅಲ್ಪ. ಅಗಲದಲ್ಲಿ ಹೆಚ್ಚು. ಅಗಲದಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಆಗುವುದರ ಸುಮಾರು ಎರಡರಷ್ಟು. ಹಲಗೆ ಒಣಗಿದಾಗ ತೊಗಟೆಯ ಕಡೆಯ ಮುಖ ಬಟ್ಟಲಿನಂತೆ ತಗ್ಗುವುದಕ್ಕೆ ಈ ವ್ಯತ್ಯಾಸವೇ ಕಾರಣ.

ಒಣಗಿದ ಮರ ಹಾಗೆಯೇ ಉಳಿಯುವುದೂ ಇಲ್ಲ. ಗಾಳಿಯ ತೇವ ಏರಿದರೆ ಮತ್ತೆ ನೀರು ಹೀರುತ್ತದೆ. ಸಾಪೇಕ್ಷ ತೇವ ಶೇ. 75 ಇದ್ದರೆ ಮರದ ತೇವಾಂಶ ನಿಧಾನವಾಗಿ ಶೇ. 14ರ ಹತ್ತಿರ ನಿಲ್ಲುತ್ತದೆ. ಗಾಳಿ ಶೇ. 45ಕ್ಕೆ ಒಣಗಿದರೆ ಶೇ. 9ರ ಹತ್ತಿರ. ಎಣ್ಣೆ, ಪಾಲಿಷ್ ಈ ಓಡಾಟವನ್ನು ನಿಧಾನ ಮಾಡಬಲ್ಲವು, ತಡೆಯಲಾರವು. ಟೀಪಾಯಿಯ ಹಲಗೆ ಮಾರ್ಚಿನ ಒಣಹವೆಗೆ ಕುಗ್ಗಲು ಹೊರಟಿತು. ಅದರ ಅಡಿಯ ಚೌಕಟ್ಟಿನ ಅಡ್ಡಪಟ್ಟಿಗಳ ಉದ್ದ ಮಾತ್ರ ಹಾಗೆಯೇ ಇತ್ತು. ಅಂಟು, ಸ್ಕ್ರೂ ಎರಡೂ ಹಿಡಿದೆಳೆದವು. ನಾರಿನ ಅಡ್ಡಕ್ಕೆ ಎಳೆದರೆ ಮರದ ಬಲ ಬಹಳ ಕಡಿಮೆ. ಸೌದೆ ಸೀಳಿದವರಿಗೆಲ್ಲ ಇದು ಗೊತ್ತು.

ಆಚಾರ್ರು “ಒಂದು ದಾರದಷ್ಟು ಬಿಡಿ” ಎಂದು ಹೇಳಿ ಕಾಫಿ ಕುಡಿದು ಹೋದರು. ಮಗಳು ಲೆಕ್ಕದ ಪುಸ್ತಕ ತಂದಳು. ಹಲಸಿನ ಅಂಕಿ ಕೈಗೆ ಸಿಗದ ಕಾರಣ ತೇಗದ್ದನ್ನು ಹಿಡಿದರು. ತೇಗದ ಹಲಗೆ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರಗಳ ಗುಂಟ ಸುಮಾರು ಶೇ. 6ರಷ್ಟು ಕುಗ್ಗುತ್ತದೆ. ಈ ಕುಗ್ಗುವಿಕೆಯೆಲ್ಲ ತೇವ ಶೇ. 30ರಿಂದ ಸೊನ್ನೆಗೆ ಇಳಿಯುವಾಗ ನಡೆಯುವುದರಿಂದ, ತೇವ ಶೇ. 1 ಇಳಿದರೆ ಅಗಲ ಶೇ. 0.2 ಕಡಿಮೆ. ಹದಿನಾಲ್ಕರಿಂದ ಒಂಬತ್ತಕ್ಕೆ ಎಂದರೆ ಐದು ಅಂಕ, ಅಂದರೆ ಶೇ. 1. 600 ಮಿಲಿಮೀಟರಿನಲ್ಲಿ 6 ಮಿಲಿಮೀಟರ್! ಹಲಗೆಯ ನಡುವನ್ನು ಬಿಗಿಯಾಗಿ ಹಿಡಿದರೆ ಎರಡೂ ಅಂಚುಗಳು ತಲಾ 3 ಮಿಲಿಮೀಟರ್ ಒಳಗೆ ಸರಿಯಬೇಕು.

ಶನಿವಾರ ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ನಡುವಿನ ಸ್ಕ್ರೂಗಳಿಗೆ ಮಾಮೂಲು ತೂತು. ಅಂಚಿನ ಸ್ಕ್ರೂಗಳಿಗೆ ಅಡ್ಡಪಟ್ಟಿಯಲ್ಲಿ ಮೂರು ತೂತುಗಳನ್ನು ಒತ್ತಿನಲ್ಲೇ ಕೊರೆದು, ನಡುವಿನ ಮರವನ್ನು ಉಳಿಯಿಂದ ಬಿಡಿಸಿ, ಒಂದು ಉದ್ದ ತೂತು. ಸ್ಕ್ರೂ ಹಲಗೆಯನ್ನು ಹಿಡಿದುಕೊಂಡೇ ಆ ಸೀಳಿನಲ್ಲಿ ಹಿಂದೆಮುಂದೆ ಜರುಗಬಲ್ಲದು. ಉಬ್ಬಿದ ಹಲಗೆ ಇನ್ನು ಹೆಚ್ಚಾಗಿ ಕುಗ್ಗುವುದೇ ಆದ್ದರಿಂದ ಸ್ಕ್ರೂವನ್ನು ಸೀಳಿನ ಹೊರತುದಿಯ ಹತ್ತಿರ ಕೂರಿಸಿದರು. ಮೂರು ತೂತುಗಳನ್ನು ಮಗಳೇ ಮಾಡಿದಳು. ಉಳಿಯನ್ನು ಮೊದಲು ಸಾಣೆ ಹಿಡಿದು ಕೊಟ್ಟಿದ್ದರು. ಮೊಂಡು ಉಳಿ ಅಪಾಯಕಾರಿ ಅಲ್ಲ ಎಂದು ಅನೇಕ ಪಾಲಕರು ತಿಳಿದಿದ್ದಾರೆ. ವಾಸ್ತವ ತದ್ವಿರುದ್ಧ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅಲಗು ಸಪಾಟಾದಷ್ಟೂ ಹೆಚ್ಚು ಬಲ ಹಾಕಬೇಕು. ಬಲ ಹಾಕಿದ ಉಳಿ ಜಾರಿದರೆ ನಿಲ್ಲುವುದು ಕೈಯಲ್ಲೇ. ಎರಡೂ ಕೈಗಳು ಅಲಗಿನ ಹಿಂದೆಯೇ ಇರಬೇಕೆಂಬುದು ಮೊದಲ ನಿಯಮ.

ವಿದ್ಯುತ್ ಉಪಕರಣಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಕಬ್ಬಿಣ ಉಜ್ಜುವ ಆಂಗಲ್ ಗ್ರೈಂಡರಿಗೆ ಹಲ್ಲಿನ ಗರಗಸದ ಬಿಲ್ಲೆ ಸಿಕ್ಕಿಸಿ ಮರ ಕೊಯ್ಯುವ ಕೆಟ್ಟ ಚಾಳಿ ಎಲ್ಲೆಡೆ ಇದೆ. ಅಷ್ಟು ವೇಗದಲ್ಲಿ ಹಲ್ಲು ಮರಕ್ಕೆ ಕಚ್ಚಿಕೊಂಡರೆ ಯಂತ್ರ ಕೈ ತಪ್ಪಿಸಿಕೊಂಡು ಮೈಮೇಲೆ ಬರುತ್ತದೆ. ಹುಡುಗರು ಇದರ ಹತ್ತಿರವೂ ಸುಳಿಯಬಾರದು. ಮರದ ಧೂಳನ್ನೂ ಹಗುರವಾಗಿ ಕಾಣುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಉಪ್ಪುಕಾಗದ ಉಜ್ಜುವಾಗ ಮೂಗಿಗೆ ಮುಖಗವಸು ಇರಲಿ.

ಭಾನುವಾರ ಅಗಸೆ ಎಣ್ಣೆ ಬಳಿಯುವ ದಿನ. ಬಟ್ಟೆಯಿಂದ ತೆಳ್ಳಗೆ ಸವರಿ ಒರೆಸುತ್ತಿದ್ದಂತೆ ಹಲಸಿನ ಹಳದಿ ಹೊಂಬಣ್ಣಕ್ಕೆ ತಿರುಗಿತು. ಅಜ್ಜಿ ಕುರ್ಚಿ ಎಳೆದುಕೊಂಡು ಅಲ್ಲೇ ಕೂತಿದ್ದರು. ಕೆಲಸ ಮುಗಿದ ಮೇಲೆ ಮಗಳು ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಹೋದಳು. ಅಪ್ಪ ತಡೆದರು. ಅಗಸೆ ಎಣ್ಣೆ ಒಣಗುವುದೆಂದರೆ ಆವಿಯಾಗುವುದಲ್ಲ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಆಗ ಶಾಖ ಹೊಮ್ಮುತ್ತದೆ. ಮುದ್ದೆಯೊಳಗೆ ಸಿಕ್ಕ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಯಾರೂ ಕಡ್ಡಿ ಗೀರದೆಯೇ ಕೆಲವು ಗಂಟೆಗಳಲ್ಲಿ ಬಟ್ಟೆ ಹೊತ್ತಿಕೊಳ್ಳಬಹುದು. ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಬಿಡಿಸಿ ಹರವಿದರು. ನೀರಿನಲ್ಲಿ ಮುಳುಗಿಸಿಟ್ಟರೂ ಆದೀತು.

ಮರದ ತೇವಾಂಶವನ್ನು ವಿದ್ಯಾರ್ಥಿಗಳು ಶಾಲೆಯ ಪ್ರಯೋಗಾಲಯದಲ್ಲೇ ಕಂಡುಹಿಡಿಯಬಹುದು. ಹಲಗೆಯ ತುದಿಯಿಂದ ದೂರದ ಒಂದು ತುಂಡನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ ಮತ್ತೆ ತೂಗಬೇಕು. 115 ಗ್ರಾಂ ಇದ್ದದ್ದು 100 ಗ್ರಾಂ ಆದರೆ ತೇವಾಂಶ ಶೇ. 15. ಭಾಗಿಸುವುದು ಒಣ ತೂಕದಿಂದ ಎಂಬುದನ್ನು ಮರೆಯಬಾರದು. ಆಸಕ್ತಿ ಇನ್ನೂ ಬೆಳೆದರೆ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ 1988ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆ ಮರದ ಬಗೆಗೇ ಸಂಶೋಧನೆ ನಡೆಸುತ್ತದೆ.

ಮೇಜಿನ ಅಡಿಯಲ್ಲಿ ಮಗಳು ಹಲಗೆಯ ಅಂಚಿಗೆ ಸರಿಯಾಗಿ ಚೌಕಟ್ಟಿನ ಮೇಲೆ ಎರಡು ಸಣ್ಣ ಪೆನ್ಸಿಲ್ ಗೆರೆ ಎಳೆದಿದ್ದಳು. 2025ರ ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಸಿ ಅಳೆದಾಗ ಹಲಗೆ ಗೆರೆಗಳಿಂದ ಒಟ್ಟು 4 ಮಿಲಿಮೀಟರ್ ಒಳಗೆ ಸರಿದಿತ್ತು. ಲೆಕ್ಕದಂತೆ ಆರು ಏಕಾಗಲಿಲ್ಲ ಎಂದು ಅವಳಿಗೆ ಬೇಸರ. ಮರ ತೇಗವಲ್ಲ, ಹಲಗೆಯ ಮೇಲೆ ಎಣ್ಣೆ ಇದೆ, ಕೋಣೆಯೂ ಅಷ್ಟು ಒಣಗಿರಲಿಕ್ಕಿಲ್ಲ ಎಂದು ಅಪ್ಪ ಕಾರಣಗಳನ್ನು ಹೇಳಿದರು. ಬಿರುಕು ಎಲ್ಲೂ ಇರಲಿಲ್ಲ. ಆಗಸ್ಟಿನಲ್ಲಿ ಮತ್ತೆ ಅಳೆದಾಗ ಹಲಗೆ ಮೂರು ಮಿಲಿಮೀಟರ್ ವಾಪಸು ಬಂದಿತ್ತು. ಆ ಹೊತ್ತಿಗೆ ದೇವರಮನೆಯ ಬಾಗಿಲು ಎಂದಿನಂತೆ ಬಿಗಿಯಾಗಿತ್ತು.