ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಆದರೆ ಅವರು ಒಮ್ಮೆಯಾದರೂ ಬಗ್ಗಿ ನೆಲವನ್ನು ನೋಡಿರಲಾರರು. ಹೆಣ್ಣು ನೆಲದ ಮೇಲೆ ದೂರು ಹೇಳಿದರೆ ಅದು ಅವಳ ಕೈಲಾಗದತನಕ್ಕೆ ನೆಪ ಎಂದು ತೀರ್ಪು ಕೊಡುವುದು ಸುಲಭ. ರಸಮಟ್ಟ ಇಟ್ಟು ನೋಡುವುದಕ್ಕೆ ಮೈ ಬಗ್ಗಬೇಕು. ಶಾಲೆಗಳಿಗೆ ಕಂಪ್ಯೂಟರ್ ಬಂದ ಮೇಲೆ ಈ ಗಾದೆ ಹೊಸ ವೇಷ ತೊಟ್ಟಿದೆ. ‘ಮೇಡಂಗೆ ಕಂಪ್ಯೂಟರ್ ಬರಲ್ಲ’ ಎಂಬುದೇ ಆ ವೇಷ.

ಹೊಳೆನರಸೀಪುರ ತಾಲ್ಲೂಕಿನ ನಮ್ಮ ಹಳ್ಳಿಮೈಸೂರಿನ ಸೀಮೆಯಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು. ಶಾಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ದಾನಿಗಳೊಬ್ಬರು ಗೋಡೆಗೆ ದೊಡ್ಡ ಟಿ.ವಿ. ಹಾಕಿಸಿಕೊಟ್ಟರು. ಎರಡನ್ನೂ ಒಂದು ಕೇಬಲಿನಿಂದ ಜೋಡಿಸಿ, ಲ್ಯಾಪ್‌ಟಾಪಿನ ಪರದೆಯಲ್ಲಿ ನನ್ನ ಟಿಪ್ಪಣಿ, ಗೋಡೆಯ ಪರದೆಯಲ್ಲಿ ಮಕ್ಕಳಿಗೆ ವಿಡಿಯೊ ಎಂದು ಏರ್ಪಾಡಾಯಿತು. ಪಾಠ ಮಾನ್ಸೂನ್ ಮಾರುತಗಳದ್ದು. ಗೋಡೆಯ ಮೇಲಿನ ಮಾರುತ ಕೇರಳದ ಕರಾವಳಿಗೆ ಬಂದು ನಿಂತಿತು, ಒಂದು ಹೆಜ್ಜೆ ಎಗರಿತು, ಮತ್ತೆ ನಿಂತಿತು. ಮಕ್ಕಳು ಮಳೆಯನ್ನು ಬಿಟ್ಟು ಆ ಕುಂಟಾಟ ನೋಡಿ ನಗತೊಡಗಿದರು.

ಕೂಡಲೇ ಎರಡು ತೀರ್ಪುಗಳು ಬಂದವು. ಒಂದು ಸ್ಟಾಫ್ ರೂಮಿನದು: ‘ಮೇಡಂ ಏನೋ ಒತ್ತಿಬಿಟ್ಟಿದ್ದಾರೆ.’ ಇನ್ನೊಂದು ಪೇಟೆಯ ಅಂಗಡಿಯದು. ಅಲ್ಲಿನ ಹುಡುಗ ಯಂತ್ರದ ಮುಚ್ಚಳವನ್ನೂ ತೆರೆಯದೆ, ‘ಹೊಸದೇ ತಗೊಳ್ಳಿ. ನಿಮಗೆ ಇದು ಗೊತ್ತಾಗಲ್ಲ ಮೇಡಂ, ಸರ್ ಯಾರಾದ್ರೂ ಇದ್ರೆ ಕಳಿಸಿ’ ಎಂದ. ಒಂದು ತೀರ್ಪು ಹೆಂಗಸಿನ ಬುದ್ಧಿಯ ಮೇಲೆ, ಇನ್ನೊಂದು ಶಾಲೆಯ ಹಣದ ಮೇಲೆ. ಯಂತ್ರದ ಮೇಲೆ ಮಾತ್ರ ಯಾರೂ ಕಣ್ಣು ಹಾಯಿಸಲಿಲ್ಲ!

ಹಾಲು ಒಡೆಯಿತೆಂದು ಹಸುವನ್ನು ಮಾರುವವರುಂಟೆ? ಪಾತ್ರೆ ತೊಳೆದಿತ್ತೇ, ನಿನ್ನೆಯ ಹಾಲು ಬೆರೆಯಿತೇ, ಕಾಯಿಸುವುದು ತಡವಾಯಿತೇ ಎಂದು ಒಂದೊಂದಾಗಿ ನೋಡುತ್ತೇವೆ. ಈ ಕ್ರಮವನ್ನು ನಮಗೆ ಯಾವ ಕಾಲೇಜೂ ಕಲಿಸಲಿಲ್ಲ, ಒಲೆ ಕಲಿಸಿತು. ಅದನ್ನೇ ಲ್ಯಾಪ್‌ಟಾಪಿನ ಮುಂದೆ ಮಾಡಿದೆ. ವಿಡಿಯೊವನ್ನು ಮೊದಲೇ ಇಳಿಸಿಕೊಂಡು ಯಂತ್ರದೊಳಗೇ ಇಟ್ಟು ಓಡಿಸಿದೆ; ಕುಂಟುವುದು ನಿಲ್ಲಲಿಲ್ಲ. ಅಂದರೆ ತಪ್ಪು ಇಂಟರ್ನೆಟ್ಟಿನದಲ್ಲ. ಚಾರ್ಜರ್ ಹಾಕಿಯೇ ಇತ್ತು, ಆದ್ದರಿಂದ ಬ್ಯಾಟರಿ ಉಳಿಸಲು ಯಂತ್ರ ತಾನಾಗಿ ನಿಧಾನವಾಗಿರಲಿಲ್ಲ. ಕೇಬಲ್ ಕಿತ್ತು ಲ್ಯಾಪ್‌ಟಾಪಿನ ಪರದೆಯಲ್ಲೇ ನೋಡಿದೆ. ಮಾರುತ ಸರಾಗವಾಗಿ ಬೀಸಿತು. ವಿಡಿಯೊ ಸರಿ, ಯಂತ್ರವೂ ಸರಿ. ದೋಷ ಇದ್ದದ್ದು ಎರಡು ಪರದೆಗಳ ಸಂಬಂಧದಲ್ಲಿ. ಸಂಬಂಧ ಕೂಡಿಸುವುದರಲ್ಲಿ ನಾವು ಹೆಂಗಸರು ಹೊಸಬರಲ್ಲವಷ್ಟೆ.

ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳ ಸಾಲು. ನಮ್ಮ ದೂರದರ್ಶನದ ಪದ್ಧತಿಯಲ್ಲಿ ತಯಾರಾದದ್ದರಲ್ಲಿ ಸೆಕೆಂಡಿಗೆ 25 ಚಿತ್ರ. ಪರದೆಯೂ ಸೆಕೆಂಡಿಗೆ ಇಂತಿಷ್ಟು ಸಲ ತನ್ನನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಅದಕ್ಕೆ ರಿಫ್ರೆಶ್ ರೇಟ್ ಎನ್ನುತ್ತಾರೆ, ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಗೋಡೆಯದು ‘ನಾಲ್ಕು ಕೆ’ ಟಿ.ವಿ., ಅದರ ಮೈಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳು. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯಿಂದ ಅಷ್ಟು ದೊಡ್ಡ ಚಿತ್ರ ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಹೊರಬರಲಾರದು. 25 ಚಿತ್ರಗಳನ್ನು 30 ಮನೆಗಳಲ್ಲಿ ಕೂರಿಸಿದರೆ ಏನಾಗುತ್ತದೆ? ಐದು ಚಿತ್ರಗಳು ಎರಡೆರಡು ಮನೆ ಹಿಡಿಯುತ್ತವೆ. ಸೆಕೆಂಡಿಗೆ ಐದು ಮುಗ್ಗರಿಕೆ. ಜೊತೆಗೆ ಆ 83 ಲಕ್ಷ ಚುಕ್ಕಿಗಳನ್ನು ಹೊತ್ತು ಓಡುವ ಭಾರ ಬೇರೆ.

ಡಿಸ್‌ಪ್ಲೇ ಸೆಟಿಂಗ್ಸ್ ತೆರೆದು, ಎರಡನೆಯ ಪರದೆಯನ್ನು ಆರಿಸಿ, ಅಳತೆಯನ್ನು 1920 x 1080ಕ್ಕೆ ಇಳಿಸಿದೆ. ಚುಕ್ಕಿಗಳು ನಾಲ್ಕರಲ್ಲಿ ಒಂದು ಪಾಲಾದವು. ರಿಫ್ರೆಶ್ ರೇಟನ್ನು 50 ಮಾಡಿದೆ. ಈಗ ಒಂದೊಂದು ಚಿತ್ರಕ್ಕೆ ಸರಿಯಾಗಿ ಎರಡೆರಡು ಮನೆ. ಮಾರುತ ಕೇರಳ ದಾಟಿ ಕರ್ನಾಟಕಕ್ಕೂ ಬಂತು. ಖರ್ಚು ಒಂದು ಕಾಸೂ ಇಲ್ಲ.

ಎಲ್ಲ ಕಡೆಯೂ ಇದೇ ಕಾರಣ ಎಂದು ನಾನು ಹೇಳುವುದಿಲ್ಲ. ಚಿತ್ರ ಬರೆಯುವ ಭಾಗಕ್ಕೆ ಬೇಕಾದ ‘ಡ್ರೈವರ್’ ಇಲ್ಲದಿದ್ದರೆ ಆ ಕೆಲಸವೆಲ್ಲ ಮುಖ್ಯ ಪ್ರೊಸೆಸರಿನ ತಲೆಗೆ ಬಿದ್ದು ಅದು ಏದುಸಿರು ಬಿಡುತ್ತದೆ. ಫ್ಯಾನಿನಲ್ಲಿ ಧೂಳು ತುಂಬಿದರೆ ಯಂತ್ರ ಕಾದು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ವಿಡಿಯೊ ಹೊಸ ಬಗೆಯ ಅಡಕದಲ್ಲಿದ್ದರೆ ಹಳೆಯ ಯಂತ್ರಕ್ಕೆ ಅದನ್ನು ಬಿಡಿಸುವುದೇ ಹೆಣಗಾಟ. 720 ಅಳತೆಯ ಸಾದಾ ವಿಡಿಯೊ ಸಾಕು. ಇವುಗಳಲ್ಲಿ ಯಾವುದು ಕಾರಣ ಎಂದು ನೋಡದೆ ‘ಹೊಸದು ತಗೊಳ್ಳಿ’ ಎನ್ನುವುದು ಸಲಹೆಯಲ್ಲ, ವ್ಯಾಪಾರ. ವಿಂಡೋಸ್ 10ಕ್ಕೆ ಕಂಪನಿ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿದೆ, ನಿಜ. ಇಂಟರ್ನೆಟ್ಟಿನ ಸುರಕ್ಷತೆಗೆ ಅದು ಯೋಚಿಸಬೇಕಾದ ವಿಷಯವೇ. ಆದರೆ ಅದು ಬೇರೆ ಕಾಯಿಲೆ. ನೆಗಡಿಗೆ ಬಂದವಳ ಹಲ್ಲು ಕೀಳುವುದು ಎಲ್ಲಿಯ ವೈದ್ಯ?

ಇನ್ನು ಹೆಣ್ಣಿಗೆ ಯಂತ್ರ ಒಲಿಯದು ಎನ್ನುವವರಿಗೆ ಒಂದು ಚರಿತ್ರೆಯ ಪಾಠ. 1946ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ‘ಎನಿಯಾಕ್’ ಎಂಬ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಸುಮಾರು 18 ಸಾವಿರ ವಾಲ್ವುಗಳು. ಅದಕ್ಕೆ ಕೆಲಸ ಹೇಳಿಕೊಟ್ಟವರು ಆರು ಹೆಂಗಸರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಕಲಿಸುವ ಪುಸ್ತಕವಿರಲಿಲ್ಲ, ನಕ್ಷೆಗಳನ್ನು ಬಿಡಿಸಿ ಕೂತು ಕಲಿತರು. ಯಂತ್ರ ಕೈಕೊಟ್ಟರೆ ಕೆಟ್ಟ ವಾಲ್ವು ಯಾವುದೆಂದು ಹುಡುಕಿಕೊಡುವಷ್ಟು ಪಳಗಿದರು. ಪ್ರದರ್ಶನದ ರಾತ್ರಿಯ ಔತಣಕ್ಕೆ ಮಾತ್ರ ಅವರನ್ನು ಕರೆಯಲಿಲ್ಲ. ದುಡಿಯುವಾಗ ಬೇಕು, ಉಣ್ಣುವಾಗ ಬೇಡ. ನಮ್ಮ ಊರುಗಳ ಮದುವೆ ಮನೆಗಳಲ್ಲೂ ಕಡೆಯ ಪಂಕ್ತಿ ಯಾರದೆಂದು ನಿಮಗೆ ಗೊತ್ತು.

ಅಮೆರಿಕ ದೂರವಾಯಿತೆಂದರೆ ನಮ್ಮ ಹಾಸನವನ್ನೇ ನೋಡಿ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ನೋಡಿಕೊಂಡದ್ದೂ ಆ ಕೇಂದ್ರವೇ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವುದನ್ನು ನೆಲದ ಮೇಲೆ ಕೂತು ತಿದ್ದುವ ಜಿಲ್ಲೆಯಲ್ಲಿ, ಮಾರು ದೂರದ ಟಿ.ವಿ.ಯನ್ನು ತಿದ್ದಲು ‘ಸರ್’ ಬರಲೇಬೇಕೆ?

ಪಾಠ ಮಾಡುವವಳಿಗೆ ರಿಪೇರಿ ಏಕೆ ಎಂದು ಕೆಲವು ಸೋದರಿಯರೇ ಕೇಳುತ್ತಾರೆ. ಇರುವ ಕೆಲಸವೇ ಬೆಟ್ಟದಷ್ಟಿದೆ, ಒಪ್ಪುತ್ತೇನೆ. ಯಂತ್ರ ಬಿಚ್ಚುವುದು, ಬೆಸುಗೆ ಹಾಕುವುದು ಮೆಕ್ಯಾನಿಕ್ಕಿನ ಕೆಲಸವೇ. ಆದರೆ ಏನು ಕೆಟ್ಟಿದೆ ಎಂದು ಕೇಳುವ ಹಕ್ಕನ್ನು ಅವನಿಗೆ ಬರೆದುಕೊಟ್ಟಿಲ್ಲವಲ್ಲ. ಆ ಪ್ರಶ್ನೆ ಬಿಟ್ಟುಕೊಟ್ಟ ದಿನ ಶಾಲೆಯ ದುಡ್ಡಿನ ಗಂಟೂ ಕೈಬಿಡುತ್ತದೆ, ಮಕ್ಕಳೆದುರು ನಮ್ಮ ಮಾತಿನ ತೂಕವೂ ಇಳಿಯುತ್ತದೆ. ಮೇಡಂ ಸುಮ್ಮನೆ ನಿಂತು ಸರ್‌ಗಾಗಿ ಕಾಯುವುದನ್ನು ದಿನವೂ ನೋಡುವ ಹತ್ತನೇ ತರಗತಿಯ ಹುಡುಗಿ, ಮಾನ್ಸೂನ್ ಮರೆತರೂ ಆ ಪಾಠ ಮರೆಯಲಾರಳು.

ಆದ್ದರಿಂದ ನನ್ನ ಒತ್ತಾಯ ಇಷ್ಟೆ. ಶಾಲೆಗೆ ಪರದೆ ಕೊಡುವವರು ಅದು ಇರುವ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಲಿ. ತರಬೇತಿಗಳಲ್ಲಿ ಬಟನ್ ಒತ್ತುವುದನ್ನು ಕಲಿಸುವವರು ಕೆಟ್ಟಾಗ ಹುಡುಕುವುದನ್ನೂ ಒಂದು ಗಂಟೆ ಕಲಿಸಲಿ. ನೀವು ಶಿಕ್ಷಕಿಯಾಗಿರಿ, ಬ್ಯಾಂಕಿನಲ್ಲಿರಿ, ಮನೆಯಲ್ಲೇ ಇರಿ, ‘ಹೊಸದೇ ತಗೊಳ್ಳಿ’ ಎಂದವನಿಗೆ ಹಣ ಎಣಿಸುವ ಮೊದಲು, ‘ಕೆಟ್ಟದ್ದು ಯಾವುದಪ್ಪ, ತೋರಿಸು’ ಎಂದು ಕೇಳಿ. ಅವನು ತೋರಿಸಲಾರದಿದ್ದರೆ ಚೀಲದ ಜಿಪ್ ಎಳೆದು ಎದ್ದು ಬನ್ನಿ.